ಕಾಫಿ ಲೋಟ ಕಿತ್ತುಕೊಂಡ ಏಕನಾಥಮ್ಮ

"ನಿಮ್ಮ ವಂಶದಲ್ಲಿ ಯಾರಿಗಾದ್ರೂ ಬುದ್ಧಿ ಏರುಪೇರಾಗಿತ್ತಾ?"

ಮುದ್ದಣ್ಣ ಹೀಗೆ ಕೇಳಿದಾಗ ಏಕನಾಥಮ್ಮನ ಎದೆ ಧಸಕ್ಕೆಂದಿತು.

ಚಿತ್ರದುರ್ಗದ ಡಾಕ್ಟರು ಕಳಿಸಿದರು ಎಂದು ಅವನು ಬಸ್ಸಿಳಿದು ಬಂದದ್ದೇ ತಡ, ಅವ್ವ ಯಲ್ಲಕ್ಕ ಗಂಡು ಬಂತೆಂದು ತೀರ್ಮಾನಿಸಿಬಿಟ್ಟಿದ್ದಳು. ಅವನು ಕೇಳಿದ್ದೂ ಅಜ್ಜಿಯ ತವರು, ಸೋದರಮಾವಂದಿರ ಸಮಾಚಾರ... ಜವನಗೊಂಡನಹಳ್ಳಿಗೆ ಹೆಣ್ಣು ನೋಡಲು ಬಂದವರು ಇನ್ನೇನು ಕೇಳುತ್ತಾರೆ! ಮಗಳಿಗೆ ಹಸಿರು ಸೀರೆ ಉಡಿಸಿ ಕಾಫಿ ಕೊಡಲು ಕಳಿಸಿದಳು. ಅಪ್ಪನ ವಿಷಯ ಮಾತ್ರ ಬಾಯಿ ಬಿಡಬೇಡವೆಂದು ಕಿವಿಯಲ್ಲಿ ಹೇಳಿದ್ದಳು.

ಆ ವಿಷಯಕ್ಕೇ ಎರಡು ಸಂಬಂಧ ಮುರಿದಿದ್ದವು. ಅಪ್ಪ ಜುಂಜಣ್ಣ ಕೆಲವು ವಾರ ನಿದ್ದೆಯಿಲ್ಲದೆ ಹಾಡುತ್ತಾ, ಕಂಡವರಿಗೆಲ್ಲ ಕುರಿ ದಾನ ಮಾಡುತ್ತಿದ್ದ. ಆಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದ.

ಸುಳ್ಳು ಹೇಳಲೇ? ಇವನ ಕಣ್ಣು ಬೇರೆ ಇಷ್ಟು ಚೆನ್ನಾಗಿವೆ... ಆದರೆ ಅಪ್ಪನನ್ನು ಬಚ್ಚಿಟ್ಟು ಕಟ್ಟಿಸಿಕೊಳ್ಳುವ ತಾಳಿ ಅವಳಿಗೆ ಬೇಡವಾಗಿತ್ತು.

"ನಮ್ಮಪ್ಪಂಗೆ ಐತೆ. ಚಿಕ್ಕಪ್ಪಂಗೂ ಇತ್ತು."

"ಹೌದಾ? ಹೇಳಿದ್ದು ಒಳ್ಳೇದಾಯ್ತು." ಅವನ ಮುಖ ಅರಳಿತು.

ಅರಳುವುದೇ! ಏಕನಾಥಮ್ಮ ಅವನ ಕೈಯಿಂದ ಲೋಟ ಕಿತ್ತುಕೊಂಡಳು. ಹೆಣ್ಣು ಬೇಡವಾದರೆ ಎದ್ದು ಹೋಗಲಿ, ನಗುವುದು ಬೇಡ ಎಂದಳು.

ಮುದ್ದಣ್ಣ ಕಂಗಾಲಾದ. ತಾನು ಗಂಡಲ್ಲ, ಈ ಕಾಯಿಲೆ ಮನೆತನಗಳಲ್ಲಿ ಹೇಗೆ ಇಳಿದು ಬರುತ್ತದೆಂದು ತಿಳಿಯಲು ಬಂದ ಡಾಕ್ಟರು ಎಂದ. ಉಪ್ಪಿಟ್ಟು ಮಾಡುತ್ತಿದ್ದ ಯಲ್ಲಕ್ಕ ಸೌಟು ಹಿಡಿದೇ ಹೊರಗೆ ಬಂದಳು.

"ಮೆದುಳಲ್ಲಿ ಡೋಪಮೈನ್ ಅಂತ ಒಂದು ರಸ ಐತ್ರಿ. ಅದು ಹೆಚ್ಚಾದಾಗ ಮನಸ್ಸು ಹಿಂಗೆ ಏರ್ತೈತೇನೋ. ಕುರಿಮರಿಗೆ ತಾಯಿ ಬಣ್ಣ ತರೋ ವಂಶವಾಹಿ ಇದ್ದಂಗೆ ಇದಕ್ಕೂ ಐತಾ ಅಂತ ಹುಡುಕ್ತಿದೀವಿ. ಇನ್ನೂ ಖಾತ್ರಿಯಿಲ್ಲ. ಆದ್ರೆ ಇದು ಶಾಪ ಅಲ್ಲ, ನಿಮ್ಮಪ್ಪನ ತಪ್ಪೂ ಅಲ್ಲ."

ತಪ್ಪಲ್ಲ! ಆ ಮಾತು ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ. ಏಕನಾಥಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಅಪ್ಪನಿಗೆ ಮನಸ್ಸಿನ ಏರಿಳಿತ ಹದಕ್ಕೆ ತರುವ ಲಿಥಿಯಂ ಮಾತ್ರೆ ಶುರುವಾಯಿತು. ರಕ್ತ ಪರೀಕ್ಷೆಗೆಂದು ಅವನನ್ನು ದುರ್ಗಕ್ಕೆ ಕರೆದೊಯ್ದಾಗಲೆಲ್ಲ ಅಲ್ಲಿ ಮುದ್ದಣ್ಣ ಸಿಗುತ್ತಿದ್ದ. ಮೊದಮೊದಲು ಮಾತೆಲ್ಲ ಮಾತ್ರೆಯದೇ. ಬರಬರುತ್ತಾ ಬೇರೆಯದೂ ಸೇರಿತು. 1976ರ ದೀಪಾವಳಿ ಹೊತ್ತಿಗೆ ಜುಂಜಣ್ಣ ಮಂದೆಯ ಹಿಂದೆ ಹೋಗಿ, ಸಂಜೆ ಅಷ್ಟೂ ಕುರಿ ಹೊಡೆದುಕೊಂಡು ಮನೆಗೆ ಬರುತ್ತಿದ್ದ.

ಯುಗಾದಿಯಾದ ಮೇಲೆ ಮುದ್ದಣ್ಣ ತನ್ನ ಹಿರಿಯರೊಂದಿಗೆ ಬಂದ. ಅವನ ಸೋದರಮಾವ ಗಂಟಲು ಸರಿಮಾಡಿಕೊಂಡು ಮನೆತನದ ಬಗ್ಗೆ ವಿಚಾರಿಸಲು ಹೊರಟ.

"ಬಿಡು ಮಾವ. ಕೇಳೋದೆಲ್ಲ ನಾನು ಆಗ್ಲೇ ಕೇಳೀನಿ," ಎಂದ ಮುದ್ದಣ್ಣ.

ಏಕನಾಥಮ್ಮನಿಗೆ ಖುಷಿಯಾಯಿತು. ಆದರೂ ಕಾಫಿ ಕೊಡುತ್ತಾ ಬಗ್ಗಿ, ಒಳಗಿದ್ದ ಭಯ ಹೇಳಿಯೇಬಿಟ್ಟಳು.

"ನಾಳೆ ನಮ್ಮ ಮಕ್ಕಳಿಗೂ ಬಂದ್ರೆ?"

"ಬಂದ್ರೆ ಬಚ್ಚಿಡಲ್ಲ. ಇಬ್ರೂ ಸೇರಿ ನೋಡ್ಕಳಾಣ." ಅವನು ಲೋಟವನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡ. "ಈ ಸಲ ಕಿತ್ಕಳಲ್ಲ ತಾನೆ?"

"ಕುಡೀರಿ... ಆರಿ ಹೋಗ್ತೈತೆ."