ಗೂಬೆಯ ಹೊಟ್ಟೆಯೊಳಗಿನ ರೈಲು

"ಕೂಗೋ! ನಿನ್ನೆ ತನಕ ಕೂಗ್ತಿದ್ದೆ ತಾನೇ? ಇವತ್ತೇನು ಬಂತು ನಿಂಗೆ?"

ಪಟಾಕಿ ಬಿಳಿ ಗೂಬೆಯ ತಲೆಗೆ ಇನ್ನೊಂದು ಏಟು ಕೊಟ್ಟಳು. ಬೈದದ್ದು ಮಾತ್ರ ಪಿಸುಮಾತಿನಲ್ಲಿ. ಆ ಮನೆಯಲ್ಲಿ ಮಧ್ಯಾಹ್ನ ಎರಡು ಗಂಟೆ ಹೊಡೆಯಿತೆಂದರೆ ಜಗಳವನ್ನೂ ಪಿಸುಮಾತಿನಲ್ಲೇ ಆಡಬೇಕು. ಪಟಾಕಿ ಎಂದು ಹೆಸರು ಪಡೆದವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೇ?

ಗೂಬೆ ಎಂದರೆ ಮರದ ಮೇಲೆ ಕೂರುವ ಗೂಬೆಯಲ್ಲ, ಪ್ಲಾಸ್ಟಿಕ್ಕಿನದು. ತಮ್ಮ ಹುಟ್ಟಿದಾಗ ಚಿಕ್ಕಮ್ಮ ತಂದುಕೊಟ್ಟದ್ದು. ಅದರ ಹೊಟ್ಟೆಯೊಳಗೆ ಸ್ಪೀಕರ್ ಇತ್ತು. ತಲೆ ತಟ್ಟಿದರೆ ಮಳೆ ಸುರಿಯುತ್ತಿತ್ತು, ಮತ್ತೆ ತಟ್ಟಿದರೆ ಸಮುದ್ರ ಬರುತ್ತಿತ್ತು, ಇನ್ನೊಮ್ಮೆ ತಟ್ಟಿದರೆ ರೈಲು. ತಮ್ಮ ಡುಮ್ಮನಿಗೆ ಮಳೆಯೂ ಬೇಡ, ಸಮುದ್ರವೂ ಬೇಡ. ರೈಲು ಹೊರಟರೆ ಮಾತ್ರ ಅವನ ಕಣ್ಣು ಮುಚ್ಚುತ್ತಿತ್ತು.

ಆದರೆ ಇವತ್ತು ಮೂರನೇ ಸಲ ತಟ್ಟಿದಾಗ ರೈಲು ಬರಲಿಲ್ಲ. ಸಕ್ಕರೆಯಂಥ ದನಿಯೊಂದು ಹೇಳಿತು: "ರೈಲು ಈಗ ಪ್ರೀಮಿಯಂ ಸದ್ದು. ತಿಂಗಳ ಚಂದಾ ಕಟ್ಟಿರಿ, ನೆಮ್ಮದಿಯಾಗಿ ಮಲಗಿರಿ."

"ಚುಕು?" ಎಂದ ಡುಮ್ಮ. ಅವನ ಕೆಳತುಟಿ ಮುಂದೆ ಬಂತು. ಅದು ಅಳುವಿನ ಮೊದಲ ಸೂಚನೆ.

ಪಟಾಕಿ ತಮ್ಮನನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಒಳಕೋಣೆಯ ಬಾಗಿಲ ಕಡೆ ನೋಡಿದಳು.

ಆ ಬಾಗಿಲ ಹಿಂದೆ ಅಮ್ಮ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಳು. ಅಮ್ಮನದು ಮಧ್ಯಾಹ್ನ ಎರಡಕ್ಕೆ ಶುರುವಾಗುವ ಕಸ್ಟಮರ್ ಕೇರ್ ಕೆಲಸ. ಯಾರದೋ ಮನೆಯ ಫ್ರಿಜ್ ಕೆಟ್ಟರೆ ಬೈಗುಳ ಅಮ್ಮನಿಗೆ. ಅಮ್ಮ ಆ ಫ್ರಿಜ್ ಮಾಡಿದವಳೂ ಅಲ್ಲ, ಮಾರಿದವಳೂ ಅಲ್ಲ. ಪಟಾಕಿಯ ಮನೆಯಲ್ಲಿದ್ದದ್ದೇ ಬೇರೆ ಕಂಪನಿಯ ಫ್ರಿಜ್ಜು!

ಹೋದ ವಾರ ಅಮ್ಮ ಯಾರೊಂದಿಗೋ ಮಾತಾಡುತ್ತಿದ್ದಾಗ ಡುಮ್ಮ ಗಂಟಲು ಹರಿಯುವಂತೆ ಅತ್ತಿದ್ದ. ಆ ಕಾಲ್ ರೆಕಾರ್ಡ್ ಆಗಿತ್ತು. ಸೂಪರ್‌ವೈಸರ್ ಫೋನ್ ಮಾಡಿ, "ಇನ್ನೊಂದು ಸಲ ಮಗು ಅಳೋದು ಕೇಳಿಸಿದ್ರೆ ಮನೆಯಿಂದ ಕೆಲಸ ಬಂದ್. ಆಫೀಸಿಗೇ ಬರ್ಬೇಕಾಗುತ್ತೆ," ಎಂದಿದ್ದರು. ಆಫೀಸು ಊರಿನ ಆ ತುದಿಯಲ್ಲಿ. ಅಲ್ಲಿ ಇಡೀ ದಿನದ ಡ್ಯೂಟಿ, ಬೆಳಿಗ್ಗೆ ಹೋದರೆ ರಾತ್ರಿಯೇ ಬರುವುದು. ಅಪ್ಪ ವ್ಯಾನ್ ಓಡಿಸಲು ಹೋಗುತ್ತಿದ್ದ, ಪಟಾಕಿಗೆ ಬೆಳಗಿನ ಹೊತ್ತು ಶಾಲೆ. ಡುಮ್ಮನನ್ನು ನೋಡಿಕೊಳ್ಳುವವರು ಯಾರು? ಹಾಗೇನಾದರೂ ಆದರೆ ಅಮ್ಮ ಕೆಲಸ ಬಿಡದೆ ಬೇರೆ ದಾರಿಯೇ ಇರಲಿಲ್ಲ. ಅವತ್ತು ಅಮ್ಮ ತಟ್ಟೆಯ ಮುಂದೆ ಕೂತಳೇ ಹೊರತು ಊಟ ಮಾಡಲಿಲ್ಲ.

ಅದಕ್ಕೇ ಶಾಲೆಯಿಂದ ಬಂದ ಮೇಲೆ ಡುಮ್ಮನನ್ನು ಮಲಗಿಸುವುದು ಪಟಾಕಿಯ ಡ್ಯೂಟಿ. ಗೂಬೆ ಅವಳ ಅಸಿಸ್ಟೆಂಟ್.

ಇನ್ನೊಂದು ಸಂಗತಿ ಅವಳೊಬ್ಬಳಿಗೇ ಗೊತ್ತಿತ್ತು. ನಿನ್ನೆ ಸಂಜೆ ಮನೆಯ ಹಳೇ ಮೊಬೈಲಿನಲ್ಲಿ ಗೂಬೆಯ ಆ್ಯಪ್ ಏನೋ ಕೇಳಿತ್ತು. "ನಮ್ಮ ನಿಯಮಗಳು ಬದಲಾಗಿವೆ. ಓದಿ ಒಪ್ಪಿಗೆ ಕೊಡಿ." ಕೆಳಗೆ ಇರುವೆ ಸಾಲಿನಂಥ ಅಕ್ಷರ, ಎಷ್ಟು ಸರಿಸಿದರೂ ಮುಗಿಯದು. ಅಂಥದ್ದನ್ನು ಆ ಮನೆಯಲ್ಲಿ ಯಾರೂ ಓದಿದವರಲ್ಲ. ಪಟಾಕಿಗೋ ಗೇಮ್ ಆಡುವ ಆತುರ. 'ಒಪ್ಪಿದೆ' ಎಂಬಲ್ಲಿ ಒತ್ತಿಬಿಟ್ಟಿದ್ದಳು. ರೈಲನ್ನು ತಾನೇ ಕೈಯಾರೆ ಕೊಟ್ಟುಬಿಟ್ಟೆನಲ್ಲಾ ಎಂದು ಈಗ ಅವಳಿಗೆ ಹೊಳೆಯಿತು.

ಗೂಬೆಯ ಕಾಲಡಿಯಲ್ಲಿ ಒಂದು ಫೋನ್ ನಂಬರ್ ಇತ್ತು. "ತೊಂದರೆಯೇ? ನಮಗೆ ತಿಳಿಸಿ" ಎಂದು ಬರೆದಿತ್ತು.

"ತಿಳಿಸ್ತೀನಿ ಇರಿ. ಸರಿಯಾಗಿ ತಿಳಿಸ್ತೀನಿ," ಎಂದು ಪಟಾಕಿ ಹಲ್ಲು ಕಚ್ಚಿ ನಂಬರ್ ಒತ್ತಿದಳು. ಮೊಬೈಲನ್ನು ಸ್ಪೀಕರ್‌ಗೆ ಹಾಕಿ, ಸದ್ದು ತಗ್ಗಿಸಿ, ಹಾಸಿಗೆಯ ಮೇಲಿಟ್ಟಳು.

"ನಿಮ್ಮ ಕರೆ ನಮಗೆ ಅಮೂಲ್ಯ. ದಯವಿಟ್ಟು ಕಾಯಿರಿ."

ಆಮೇಲೆ ಸಂಗೀತ ಶುರುವಾಯಿತು. ಟಿಣ್ ಟಿಣ್ ಟಿಣಿಟಿಣಿ, ಟಿಣ್ ಟಿಣ್ ಟಿಣಿಟಿಣಿ. ಅದಕ್ಕೆ ಮೊದಲೂ ಇರಲಿಲ್ಲ, ಕೊನೆಯೂ ಇರಲಿಲ್ಲ. ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಿತ್ತು.

ಕಿಟಕಿಯ ಪರದೆ ಉಬ್ಬುತ್ತಿತ್ತು, ತಗ್ಗುತ್ತಿತ್ತು. ಅದರ ಸಂದಿಯಿಂದ ಬಿದ್ದ ಬಿಸಿಲಿನ ಪಟ್ಟಿ ನೆಲದ ಮೇಲೆ ಹಳಿಯ ಹಾಗೆ ಉದ್ದಕ್ಕೆ ಮಲಗಿತ್ತು. ಪಟಾಕಿ ಡುಮ್ಮನ ಬೆನ್ನು ತಟ್ಟುತ್ತಾ ಆ ಪಟ್ಟಿಯ ಮೇಲೇ ನಡೆದಳು. ಟಿಣ್ ಟಿಣ್ ಟಿಣಿಟಿಣಿ. ಬರಬರುತ್ತಾ ಅವಳಿಗೆ ಕೋಣೆಯೇ ಮೆಲ್ಲಗೆ ಹೊರಟಂತೆ ಅನ್ನಿಸಿತು. ಗೋಡೆ ಹಿಂದೆ ಸರಿಯಿತು. ಉದ್ದನೆಯ ರೈಲೊಂದು ಬಂತು, ಅದರ ಒಂದೊಂದು ಕಿಟಕಿಯಲ್ಲೂ ಹೆಡ್‌ಫೋನ್ ಹಾಕಿಕೊಂಡ ಒಬ್ಬೊಬ್ಬರು. ಎಲ್ಲರ ಬಾಯಿಯೂ ಆಡುತ್ತಿತ್ತು, ಮಾತು ಮಾತ್ರ ಕೇಳಿಸುತ್ತಿರಲಿಲ್ಲ. ಒಂದು ಕಿಟಕಿಯಲ್ಲಿ ಅಮ್ಮನೂ ಇದ್ದಳು. ಪಟಾಕಿ ಕೈಬೀಸಿದಳು. ಅಮ್ಮ ನೋಡಲೇ ಇಲ್ಲ.

ಹೆಗಲ ಮೇಲೆ ಡುಮ್ಮ ಭಾರವಾದ. ಅವನ ಬಿಸಿ ಉಸಿರು ಅವಳ ಕುತ್ತಿಗೆಗೆ ತಾಗುತ್ತಿತ್ತು.

"ನಮಸ್ಕಾರ! ಕಾದಿದ್ದಕ್ಕೆ ಧನ್ಯವಾದಗಳು! ಏನು ಸಹಾಯ ಬೇಕಿತ್ತು?"

ಡುಮ್ಮ ಬೆಚ್ಚಿ ತಲೆಯೆತ್ತಿದ. ಪಟಾಕಿಯ ಕನಸಿನ ರೈಲು ಎಲ್ಲಿ ಹೋಯಿತೋ!

"ನಮ್ಮ ರೈಲು ವಾಪಸ್ ಕೊಡಿ," ಎಂದಳು ಪಟಾಕಿ ಪಿಸುಗುಡುತ್ತಾ. "ಗೂಬೆ ತಗೊಂಡಾಗ ಡಬ್ಬದ ಮೇಲೇ ರೈಲಿತ್ತು. ಈಗ ತಿಂಗ್ಳುತಿಂಗ್ಳು ದುಡ್ಡು ಕೊಡಿ ಅಂದ್ರೆ? ಕೊಡೆ ತಗೊಂಡ ಮೇಲೆ ಅಂಗಡಿಯೋರು ಮನೆಗೆ ಬಂದು, ದುಡ್ಡು ಕೊಟ್ರೆ ಮಾತ್ರ ಬಿಚ್ಚುತ್ತೆ ಅಂತಾರಾ?"

ಆ ಕಡೆಯಿಂದ ಫಕ್ಕನೆ ನಗು ಕೇಳಿಸಿತು. ತಕ್ಷಣ ಅದು ಕೆಮ್ಮಾಯಿತು. ಫೋನೆತ್ತಿದ ಅಕ್ಕನ ಗಂಟಲು ಕಟ್ಟಿತ್ತು, ಸಂಜೆಯ ಹೊತ್ತಿಗೆ ಅಮ್ಮನ ಗಂಟಲು ಕಟ್ಟುತ್ತದಲ್ಲ, ಹಾಗೆ.

"ನಿಮ್ಮ ತೊಂದರೆ ನಮಗೆ ಅರ್ಥ ಆಗುತ್ತೆ," ಎಂದಳು ಅಕ್ಕ. "ಆದ್ರೆ ಅದು ಕಂಪನಿ ಪಾಲಿಸಿ. ದಯವಿಟ್ಟು ಕ್ಷಮಿಸಿ."

"...ಅದು ಕಂಪನಿ ಪಾಲಿಸಿ ಸರ್. ದಯವಿಟ್ಟು ಕ್ಷಮಿಸಿ," ಎಂದಿತು ಒಳಕೋಣೆಯಿಂದ ಅಮ್ಮನ ದನಿ.

ಪಟಾಕಿ ಫೋನನ್ನು ನೋಡಿದಳು. ಬಾಗಿಲನ್ನು ನೋಡಿದಳು.

ಅಷ್ಟರಲ್ಲಿ ಡುಮ್ಮನ ಕೆಳತುಟಿ ಮತ್ತೆ ಮುಂದೆ ಬಂತು. "ಊಂ..." ಎಂದು ಶುರುವೂ ಆಯಿತು.

"ಅಕ್ಕಾ, ಅಕ್ಕಾ," ಎಂದಳು ಪಟಾಕಿ ಗಾಬರಿಯಲ್ಲಿ. "ನನ್ನ ಮತ್ತೆ ಹೋಲ್ಡ್‌ಗೆ ಹಾಕಿ!"

"ಏನಂದೆ?"

"ಹೋಲ್ಡ್‌ಗೆ ಹಾಕಿ ಅಕ್ಕಾ, ಪ್ಲೀಸ್! ನಿಮ್ಮ ಟಿಣ್ ಟಿಣ್ ಕೇಳಿ ನನ್ನ ತಮ್ಮ ಮಲ್ಕೋತಿದ್ದ. ಅವ್ನು ಅತ್ರೆ ನಮ್ಮಮ್ಮನ ಕೆಲಸ ಹೋಗುತ್ತೆ. ಅವ್ರೂ ನಿಮ್ಮ ಥರಾನೇ ಹೆಡ್‌ಫೋನ್ ಹಾಕ್ಕೊಂಡು ಮಾತಾಡ್ತಾರೆ."

ಅಕ್ಕನ ಹಿಂದಿನಿಂದ ಬೇರೆ ಯಾರ್‍ಯಾರೋ ಮಾತಾಡುವುದು ಜೇನುಗೂಡಿನಂತೆ ಗುಂಯ್‌ಗುಡುತ್ತಿತ್ತು. ಪಟಾಕಿಗೆ ಆಗ ನೆನಪಾಯಿತು. ಅಮ್ಮನ ಆಫೀಸಿನಲ್ಲಿ ಎಲ್ಲದಕ್ಕೂ ಮಾರ್ಕ್ಸ್. ಸುಮ್ಮಸುಮ್ಮನೆ ಹೋಲ್ಡ್‌ಗೆ ಹಾಕಿದರೆ ಮಾರ್ಕ್ಸ್ ಕಟ್. ಕೇಳಬಾರದ್ದನ್ನು ಕೇಳಿಬಿಟ್ಟೆ ಎಂದು ನಾಲಿಗೆ ಕಚ್ಚಿಕೊಂಡಳು.

"ಬೇಡ ಬಿಡಿ ಅಕ್ಕಾ..."

"ಶ್," ಎಂದಳು ಅಕ್ಕ. ದನಿ ಇದ್ದಕ್ಕಿದ್ದಂತೆ ಮನೆಯ ದನಿಯಾಯಿತು. "ನಿನ್ನ ದೂರು ಪರಿಶೀಲನೆ ಮಾಡ್ಬೇಕು. ಸ್ವಲ್ಪ ಹೊತ್ತಾಗುತ್ತೆ. ಲೈನಲ್ಲೇ ಇರು ಪುಟ್ಟಾ."

ಟಿಣ್ ಟಿಣ್ ಟಿಣಿಟಿಣಿ.

ಡುಮ್ಮನ "ಊಂ" ನಿಂತಿತು. ತಲೆ ಹೆಗಲಿಗೆ ಬಂತು. ಪಟಾಕಿ ಬಿಸಿಲ ಹಳಿಯ ಮೇಲೆ ಆ ಕಡೆ ಈ ಕಡೆ ನಡೆದಳು. ರೈಲು ಮತ್ತೆ ಬಂತು. ಈ ಸಲ ಒಂದು ಕಿಟಕಿಯಲ್ಲಿ ಕೆಮ್ಮುವ ಅಕ್ಕನೂ ಇದ್ದಳು, ಅಮ್ಮನ ಪಕ್ಕದ ಕಿಟಕಿಯಲ್ಲೇ. ಡುಮ್ಮನ ಮುಷ್ಟಿ ಒಂದೊಂದೇ ಬೆರಳಾಗಿ ಸಡಿಲವಾಯಿತು. ಅವನನ್ನು ಹಾಸಿಗೆಯ ಮೇಲೆ ಇಳಿಸಿದರೂ ಅವನಿಗೆ ಗೊತ್ತಾಗಲಿಲ್ಲ.

"ಮಲಗಿದ್ನಾ?" ಫೋನಿನಿಂದ ಪಿಸುದನಿ ಬಂತು.

"ಮಲಗಿದ."

"ರೈಲು ಕೊಡೋಕೆ ನನ್ನ ಕೈಲಿ ಆಗಲ್ಲ ಪುಟ್ಟಾ. ನಿನ್ನ ಕೊಡೆ ಮಾತು ಮಾತ್ರ ಹಾಗೇ ಬರ್ದು ಮೇಲಕ್ಕೆ ಕಳಿಸ್ತೀನಿ." ಆಮೇಲೆ ಅವಳ ದನಿ ಮತ್ತೆ ಆಫೀಸಿಗೆ ಹೋಯಿತು. "ಕರೆ ಮಾಡಿದ್ದಕ್ಕೆ ಧನ್ಯವಾದಗಳು. ಶುಭದಿನ."

ಆಗ ಫೋನಿನಿಂದ ಸಕ್ಕರೆಯಂಥ ದನಿ ಬಂತು, ಗೂಬೆಯೊಳಗಿಂದ ಬಂದಿದ್ದ ಅದೇ ದನಿ. "ನಮ್ಮ ಸಿಬ್ಬಂದಿಯ ಸೇವೆಗೆ ಒಂದರಿಂದ ಐದರವರೆಗೆ ಅಂಕ ಕೊಡಿ."

ಪಟಾಕಿಗೆ ರೈಲು ಸಿಕ್ಕಿರಲಿಲ್ಲ. ಕಂಪನಿಯ ಮೇಲಿನ ಸಿಟ್ಟು ಚೂರೂ ಇಳಿದಿರಲಿಲ್ಲ. ಫೋನ್ ಮಾಡುವಾಗಲೇ, ಕೊನೆಗೆ ಒಂದೇ ಒಂದು ಅಂಕ ಕೊಡಬೇಕೆಂದು ಅವಳು ನಿರ್ಧರಿಸಿದ್ದಳು. ಆದರೆ ಆ ಅಂಕ ಹೋಗುವುದು ಅಕ್ಕನಿಗೆ. ಅಮ್ಮನಿಗೆ ಒಂದೇ ಅಂಕ ಬಂದ ದಿನಗಳು ಅವಳಿಗೆ ಗೊತ್ತಿದ್ದವು. ಆ ದಿನ ಅಮ್ಮ ಪಾತ್ರೆಗಳನ್ನು ಸದ್ದು ಮಾಡಿ ತೊಳೆಯುತ್ತಿದ್ದಳು.

ಐದು ಒತ್ತಿದಳು.

ಒತ್ತಿ, ಫೋನನ್ನು ಕೈಯಲ್ಲೇ ಹಿಡಿದು ಕಾದಳು. ಮುಂದಿನ ಪ್ರಶ್ನೆ ಕಂಪನಿಯದೇ ಇರಬೇಕು. ಪಾಲಿಸಿಗೆ ಎಷ್ಟು ಅಂಕ ಎಂದು ಕೇಳಲಿ, ಸೊನ್ನೆ ಒತ್ತುತ್ತೇನೆ ಎಂದು ಬೆರಳನ್ನು ಸೊನ್ನೆಯ ಮೇಲೆ ಹಿಡಿದೇ ಇದ್ದಳು.

ಆ ಪ್ರಶ್ನೆ ಬರಲಿಲ್ಲ. ಲೈನ್ ಕಟ್ ಆಯಿತು.

ಪಟಾಕಿ ಸೊನ್ನೆಯ ಮೇಲಿದ್ದ ಬೆರಳನ್ನು ನಿಧಾನವಾಗಿ ತೆಗೆದಳು. ಗೂಬೆ ದುಂಡು ಕಣ್ಣು ಬಿಟ್ಟುಕೊಂಡು ಕೂತಿತ್ತು. ಅದನ್ನು ಗೋಡೆಯ ಕಡೆ ತಿರುಗಿಸಿಟ್ಟಳು.

ಬಾಗಿಲು ತೆರೆದುಕೊಂಡಿತು. ಬ್ರೇಕ್ ಸಿಕ್ಕ ಅಮ್ಮ ತುದಿಗಾಲಲ್ಲಿ ಹೊರಗೆ ಬಂದಳು. ಹೆಡ್‌ಫೋನ್ ಒತ್ತಿದ ಗುರುತು ಕಿವಿಯ ಸುತ್ತ ಕೆಂಪಗಿತ್ತು. ಮುಖ ನೋಡಿದರೇ ಯಾರೋ ಚೆನ್ನಾಗಿ ಬೈದಿದ್ದಾರೆಂದು ತಿಳಿಯುತ್ತಿತ್ತು. ಮಲಗಿದ್ದ ಡುಮ್ಮನನ್ನು ನೋಡಿ ಅವಳು ಉಸಿರು ಬಿಟ್ಟಳು.

ಪಟಾಕಿ ಒಂದು ಲೋಟ ನೀರು ತಂದುಕೊಟ್ಟಳು. ಗೂಬೆಯ ವಿಷಯ, 'ಒಪ್ಪಿದೆ' ಒತ್ತಿದ ವಿಷಯ, ಎಲ್ಲವನ್ನೂ ಸಂಜೆ ಹೇಳಬೇಕು. ಈಗ ಬೇಡ. ಈಗ ಅಮ್ಮ ನೀರು ಕುಡಿಯಲಿ.

"ಅಮ್ಮಾ, ನಿಂಗೆ ಐದು," ಎಂದಳು ಕಿವಿಯ ಹತ್ತಿರ ಬಂದು.

"ಯಾತಕ್ಕೇ?"

"ಸುಮ್ನೆ."

ಅಮ್ಮನಿಗೆ ಅರ್ಥವಾಗಲಿಲ್ಲ. ಆದರೂ ನಕ್ಕಳು. ನೀರು ಕುಡಿದು, ಕಿವಿಯ ಕೆಂಪನ್ನು ಒಮ್ಮೆ ಉಜ್ಜಿಕೊಂಡು, ಮತ್ತೆ ಒಳಗೆ ಹೋದಳು. ಬಾಗಿಲು ಸದ್ದಾಗದ ಹಾಗೆ ಪಟಾಕಿಯೇ ಮುಚ್ಚಿದಳು.