ಲಾಟೀನು ಮನೆಯ ಸೇವಾ ಪುಸ್ತಕ

೧೯೮೯ನೇ ಅಕ್ಟೋಬರ್ ೬, ಶುಕ್ರವಾರ. ಸಂಜೆ ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ನ್ಯೂಜರ್ಸಿಯ ವಿದರ್‌ಫೀಲ್ಡ್ ಕಾಲೇಜಿನ ಪೊಲೀಸ್ ಠಾಣೆಗೆ ಬ್ರಾಯನ್ ಹೇಗನ್ ಎಂಬ ವಿದ್ಯಾರ್ಥಿ ಬಂದು ದೂರು ಕೊಟ್ಟ. ನಮ್ಮಲ್ಲಿ ಎಫ್‌ಐಆರ್ ಎನ್ನುವುದನ್ನು ಅಲ್ಲಿ ಇನ್ಸಿಡೆಂಟ್ ರಿಪೋರ್ಟ್ ಎನ್ನುತ್ತಾರೆ. ಹೆಸರು ಬೇರೆಯಾದ ಮಾತ್ರಕ್ಕೆ ಬರೆಯುವವನ ಕೈನೋವು ಕಡಿಮೆಯಾಗುವುದಿಲ್ಲ. ಬರೆದುಕೊಂಡವನು ಡಿಟೆಕ್ಟಿವ್ ಚೆಲುವರಾಜು. ಮಂಡ್ಯದಲ್ಲಿ ಹುಟ್ಟಿ, ಹನ್ನೊಂದನೇ ವಯಸ್ಸಿಗೆ ಅಪ್ಪನ ಜೊತೆ ಅಮೆರಿಕಕ್ಕೆ ಬಂದವನು.

"ಕಳುವಾದದ್ದು ಏನು?"

"ಪುಸ್ತಕ."

"ಎಂಥ ಪುಸ್ತಕ?"

"ನಮ್ಮ ಸೇವಾ ಪುಸ್ತಕ. ಬುಧವಾರ ಡೀನ್ ಎದುರು ವಿಚಾರಣೆ ಇದೆ. ಅದು ಸಿಗದಿದ್ದರೆ ನಮ್ಮ ಸಂಘ ಮುಚ್ಚಿತು ಅಂತ ಲೆಕ್ಕ."

ಬ್ರಾಯನ್ ಲಾಟೀನು ಮನೆಯ ಅಧ್ಯಕ್ಷ. ಲಾಟೀನು ಮನೆ ಎಂದರೆ ಆ ಕಾಲೇಜಿನ ಹುಡುಗರ ಹಳೆಯ ಸಂಘ, ಅಲ್ಲಿಯವರು ಫ್ರಟರ್ನಿಟಿ ಎನ್ನುವುದು. ೧೯೨೭ರಲ್ಲಿ ಕಾಲುವೆ ಉಕ್ಕಿ ಊರಿಗೆ ನೀರು ನುಗ್ಗಿದಾಗ ಒಂಬತ್ತು ವಿದ್ಯಾರ್ಥಿಗಳು ಲಾಟೀನು ಹಿಡಿದು ಮನೆಮನೆಗೆ ಹೋಗಿ ಮುದುಕರನ್ನೂ ಮಕ್ಕಳನ್ನೂ ಹೊತ್ತು ತಂದರಂತೆ. ಆ ಒಂಬತ್ತು ಮಂದಿ ಕಟ್ಟಿದ ಸಂಘ ಇದು. ಅಂದಿನಿಂದ ಮಾಡಿದ ಪ್ರತಿಯೊಂದು ಸೇವೆಗೂ, ಅದನ್ನು ಪಡೆದವರ ಕೈಯಲ್ಲೇ ಸಹಿ ಹಾಕಿಸಿಕೊಳ್ಳುವ ಪದ್ಧತಿ. ವಸಂತದಲ್ಲಿ ಏನೋ ಗಲಾಟೆಯಾಗಿ, ಸೇವೆ ತೋರಿಸದಿದ್ದರೆ ಸಂಘ ಮುಚ್ಚುತ್ತೇವೆ ಎಂದು ಕಾಲೇಜು ಎಚ್ಚರಿಕೆ ಕೊಟ್ಟಿತ್ತು. ಸೇವೆ ನಡೆದಿದೆ ಎಂದು ತೋರಿಸಲು ಇದ್ದದ್ದು ಆ ಒಂದೇ ಪುಸ್ತಕ.

೬-೧೦ಕ್ಕೆ ಚೆಲುವರಾಜು ಆಫೀಸರ್ ಡೊನ್ನಾ ಕೊವಾಲ್ಸ್ಕಿಯನ್ನು ಕರೆದುಕೊಂಡು ಸ್ಥಳಕ್ಕೆ ಹೋದ. ನೆಲಮಾಳಿಗೆಯ ಕಿಟಕಿಯ ಗಾಜು ಒಡೆದಿತ್ತು. ಚೂರಿನ ಮೇಲೆ ರಕ್ತ. ಬೀರುವಿನ ಬಾಗಿಲು ತೆರೆದಿತ್ತು. ಪಕ್ಕದಲ್ಲೇ ಇದ್ದ ಕ್ಯಾಮೆರಾವನ್ನು ಕಳ್ಳ ಮುಟ್ಟಿರಲಿಲ್ಲ.

"ಯಾವಾಗ ಆಯಿತು?"

"ಒಂದರಿಂದ ನಾಲ್ಕರ ಒಳಗೆ. ಎಲ್ಲರೂ ಜಿಮ್ಮಿನಲ್ಲಿ ರಕ್ತದಾನದಲ್ಲಿದ್ದೆವು."

ಆಗ ಚೆಲುವರಾಜುವಿನ ಬೂಟಿನಡಿ ಒಂದು ಹಳೆಯ ಹಾಳೆ ಸಿಕ್ಕಿತು. ಬಗ್ಗಿ ತೆಗೆದು ಕಣ್ಣಿಗೊತ್ತಿಕೊಂಡ. ಡೊನ್ನಾ ಅವನ ಮುಖ ನೋಡಿದಳು.

"ಅಭ್ಯಾಸ," ಎಂದು ಆ ಹಾಳೆಯನ್ನು ಮೇಜಿನ ಮೇಲಿಡಲು ಹೋದವನು ಅಲ್ಲೇ ನಿಂತ. ಮೇಜಿನ ಮೇಲೆ ಹಳೆಯ ಪುಸ್ತಕ, ಪತ್ರಿಕೆ, ಕಾಗದಗಳ ಕಟ್ಟು ಅಂದವಾಗಿ ಜೋಡಿಸಿತ್ತು.

"ಇದನ್ನು ಜೋಡಿಸಿದವರು ಯಾರು?"

ಬ್ರಾಯನ್ ಹುಬ್ಬು ಗಂಟಿಕ್ಕಿದ. "ನಾವಲ್ಲ. ಪ್ರದರ್ಶನಕ್ಕೆ ಅಂತ ಬೆಳಿಗ್ಗೆ ನೆಲದ ತುಂಬಾ ಹರಡಿ ಹೋಗಿದ್ದೆವು. ಅದರ ಮೇಲೇ ಓಡಾಡುತ್ತಿದ್ದೆವು."

ಕಿಟಕಿಯಿಂದ ಬೀರುವಿನ ತನಕ ಮಾತ್ರ ನೆಲ ಖಾಲಿಯಿತ್ತು. ಸಿಕ್ಕಿಬಿದ್ದರೆ ಕಥೆ ಮುಗಿಯಿತು ಎಂದು ಗೊತ್ತಿದ್ದೂ, ಕೈಯಲ್ಲಿ ರಕ್ತ ಸುರಿಯುತ್ತಿದ್ದರೂ, ಈ ಕಳ್ಳ ಪುಸ್ತಕ ತುಳಿಯಬಾರದೆಂದು ಒಂದೊಂದನ್ನೇ ಎತ್ತಿಟ್ಟು ದಾರಿ ಮಾಡಿಕೊಂಡಿದ್ದ. ಇಂಥ ಕೆಲಸ ಮಾಡುವವರು ಯಾರ ಮನೆಯವರು ಎಂದು ಚೆಲುವರಾಜುವಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೊರಡುವಾಗ ಅವನ ಕಣ್ಣು ಬಾಯ್ಲರ್ ಕೋಣೆಯ ಬಾಗಿಲಿಗೆ ಬಿತ್ತು. ಹೊರಗಡೆ ಹೊಸ ಚಿಲಕ, ಬೀಗ.

"ಚಿಲಕ ಹೊರಗೆ ಯಾಕೆ?"

"ಬೆಕ್ಕು ಒಳಗೆ ಹೋಗಬಾರದು ಅಂತ," ಎಂದ ಬ್ರಾಯನ್.

"ಬೆಕ್ಕು ಎಲ್ಲಿ?"

ಬ್ರಾಯನ್ ಮೆಟ್ಟಿಲು ಹತ್ತತೊಡಗಿದ. ಚೆಲುವರಾಜು ಅದನ್ನೂ ಬರೆದುಕೊಂಡ.

ಸಂಘದ ಪಟ್ಟಿಯಲ್ಲಿ ಇಪ್ಪತ್ತನಾಲ್ಕು ಹೆಸರು. ಕೊನೆಯದು ರೇ ಮೂರ್ತಿ. ಇನ್ನೂ ಸದಸ್ಯನಾಗದ ಉಮೇದುವಾರ, ಹಾಗಾಗಿ ಮನೆಯ ಬೀಗದಕೈ ಅವನಿಗೆ ಕೊಟ್ಟಿರಲಿಲ್ಲ. ಪೂರ್ತಿ ಹೆಸರು ರಾಘವೇಂದ್ರ ಕೇಶವಮೂರ್ತಿ. ಹಾಗೆಂದು ಹೆಸರು ನೋಡಿ ಕೈಕೋಳ ಹಾಕಲಾದೀತೇ? ಸಾಕ್ಷಿ ಬೇಕು.

ಶನಿವಾರ ಬೆಳಿಗ್ಗೆ ೯-೩೦ಕ್ಕೆ ಡೊನ್ನಾ ರಕ್ತದಾನದ ನರ್ಸನ್ನು ವಿಚಾರಿಸಿದಳು. ರೇ ರಕ್ತ ಕೊಟ್ಟು ಜ್ಯೂಸ್ ಕೂಡ ಕುಡಿಯದೆ ಎದ್ದು ಹೋಗಿದ್ದ. ಮುಕ್ಕಾಲು ಗಂಟೆಯ ಮೇಲೆ ಬಂದಾಗ ಇನ್ನೊಂದು ಕೈಯ ಮೊಣಕೈ ಕುಯ್ದುಹೋಗಿತ್ತು. ಬಿದ್ದೆ ಎಂದಿದ್ದನಂತೆ.

ಕೌಂಟಿ ಲ್ಯಾಬಿನವನನ್ನು ಕಾಡಿ ಬೇಡಿ ಭಾನುವಾರ ಸಂಜೆಗೆ ಉತ್ತರ ತರಿಸಿಕೊಂಡರು. ಗಾಜಿನ ಮೇಲಿನ ರಕ್ತ ಎಬಿ ಗುಂಪಿನದು. ಯಾರಿಗೆ ತುರ್ತಾಗಿ ರಕ್ತ ಬೇಕಾದರೂ ಫೋನ್ ಮಾಡಲಿ ಎಂದು ಲಾಟೀನು ಮನೆಯ ಗೋಡೆಯ ಮೇಲೆ ಎಲ್ಲರ ರಕ್ತದ ಗುಂಪನ್ನೂ ಬರೆದು ಹಾಕಿದ್ದರು. ಎಬಿ ಇದ್ದದ್ದು ರೇ ಒಬ್ಬನದೇ. ಹುಡುಗನ ಸೇವೆಯೇ ಹುಡುಗನನ್ನು ಹಿಡಿದುಕೊಟ್ಟಿತ್ತು.

ಅಕ್ಟೋಬರ್ ೯, ಸೋಮವಾರ. ಅಮೆರಿಕಕ್ಕೆ ಕೊಲಂಬಸ್ ದಿನದ ರಜೆ, ನಮ್ಮವರಿಗೆ ಆಯುಧಪೂಜೆ. ನ್ಯಾಯಾಧೀಶರ ಶೋಧನಾ ವಾರಂಟ್ ಹಿಡಿದು ೧೦-೪೦ಕ್ಕೆ ಇಬ್ಬರೂ ಕೆಂಡಲ್ ಪಾರ್ಕಿನ ಮನೆಯೊಂದರ ಮುಂದೆ ಇಳಿದರು. ಡ್ರೈವ್‌ವೇಯಲ್ಲಿದ್ದ ಕಾರಿಗೆ ಕುಂಕುಮ ಹಚ್ಚಿ ಹೂವಿನ ಹಾರ ಹಾಕಿತ್ತು.

ಬಾಗಿಲು ತೆಗೆದವರು ಕೌಸಲ್ಯಾ, ರಾಘವೇಂದ್ರನ ತಾಯಿ. ಹಿಂದೆಯೇ ತಂದೆ ಕೇಶವಮೂರ್ತಿ, ಟೆಲಿಫೋನ್ ಕಂಪನಿಯಲ್ಲಿ ಎಂಜಿನಿಯರ್. ಚೆಲುವರಾಜು ಕನ್ನಡದಲ್ಲಿ ಮಾತಾಡಿದ್ದೇ ತಡ, ತಂದೆಯ ಮುಖ ಅರಳಿತು.

"ನಮ್ಮ ಕಡೆಯವರಾ ನೀವು? ಬನ್ನಿ ಬನ್ನಿ. ರಘು ವಿಷಯವಾ? ಅವನ ಸೋಷಿಯಲ್ ಸರ್ವಿಸ್ ಬಗ್ಗೆ ಕನ್ನಡ ಕೂಟದ ಪತ್ರಿಕೇಲಿ ನಾನೇ ಬರೆದಿದ್ದೆ. ಲಾಟೀನು ಸಂಘ ಅಂತ. ಓದಿದೀರಾ?"

"ಸರ್, ಸ್ವಲ್ಪ ಕೂತ್ಕೊಳಿ," ಎಂದು ಚೆಲುವರಾಜು ವಾರಂಟ್ ಕೈಗೆ ಕೊಟ್ಟ.

ಹುಡುಕುವ ಶ್ರಮ ಬೇಕಾಗಲಿಲ್ಲ. ದೇವರ ಮುಂದೆ ಮಣೆಯ ಮೇಲೆ ಕೆಂಪು ರವಿಕೆ ಬಟ್ಟೆ ಹೊದಿಸಿದ ಪುಸ್ತಕಗಳ ಸಾಲಿತ್ತು. ಮಧ್ಯದಲ್ಲಿ ಚರ್ಮದ ಹೊದಿಕೆಯ ದಪ್ಪ ಪುಸ್ತಕ, ರಟ್ಟಿನ ಮೇಲೆ ಲಾಟೀನಿನ ಚಿತ್ರ, ಅದರ ಮೇಲೊಂದು ಸೇವಂತಿಗೆ.

"ಇದು ಇಲ್ಲಿಗೆ ಹೇಗೆ ಬಂತಮ್ಮ?"

"ಶುಕ್ರವಾರ ಇವನ ಕಾರಿನ ಸೀಟ್ ಮೇಲಿತ್ತು. ಕಾಲೇಜಿನ ಪುಸ್ತಕ ಅಂತ ಸರಸ್ವತಿ ಪೂಜೆಗೆ ಇಟ್ಟೆ. ನಾಳೆ ದಶಮಿ ಆಗೋವರೆಗೂ ಮುಟ್ಟೋ ಹಾಗಿಲ್ಲ," ಎಂದರು ಕೌಸಲ್ಯಾ.

"ಗೊತ್ತಮ್ಮ. ನೀವೇ ಒಂದು ಮಂಗಳಾರತಿ ಮಾಡಿ ಕದಲಿಸಿ ಕೊಡಿ."

ಆಕೆ ದೀಪ ಹಚ್ಚಿದರು. ಆರತಿ ಎತ್ತಿ ಪುಸ್ತಕವನ್ನು ಬಲಕ್ಕೆ ಸರಿಸಿ ಕೊಟ್ಟರು. ಪಂಚರಿಲ್ಲದ ಊರಿನಲ್ಲಿ ಪಂಚನಾಮೆಯೆಂದರೆ ಡೊನ್ನಾ ತೆಗೆದ ನಾಲ್ಕು ಫೋಟೋ, ಒಂದು ರಸೀತಿ.

ರಾಘವೇಂದ್ರ ಮೆಟ್ಟಿಲ ಮೇಲೆ ನಿಂತಿದ್ದ. ಹತ್ತೊಂಬತ್ತು ವರ್ಷ, ಮೊಣಕೈಗೆ ಬ್ಯಾಂಡೇಜು. ಸುಮ್ಮನಿರುವುದು ಅವನ ಹಕ್ಕು ಎಂದು ಓದಿ ಹೇಳಿದ ಮೇಲೂ ಮಾತಾಡುತ್ತೇನೆ ಎಂದ. ಹೆಚ್ಚಿನದನ್ನೆಲ್ಲ ಇಂಗ್ಲಿಷಿನಲ್ಲೇ ಹೇಳಿದ.

"ಪುಸ್ತಕ ಯಾಕೆ ತೆಗೆದೆ?"

"ಬುಧವಾರ ಅದು ಇಲ್ಲದಿದ್ದರೆ ಮನೆ ಮುಚ್ಚುತ್ತಾರೆ."

"ಕಾಲುವೆಗೆ ಎಸೆಯಬಹುದಿತ್ತಲ್ಲ?"

"ಹೋಗಿದ್ದೆ. ಆಗಲಿಲ್ಲ. ಪುಸ್ತಕ ಅಲ್ಲವಾ. ಮೂರು ದಿನದಿಂದ ಅದು ಅಲ್ಲಿ ಕೂತಿದೆ, ನಾನು ಎದುರಿಗೆ ಕೂತು ಊಟ ಮಾಡುತ್ತಿದ್ದೇನೆ."

"ಬಾಯ್ಲರ್ ಕೋಣೆಯೊಳಗೆ ಹಾಕುತ್ತಿದ್ದದ್ದು ನಿನ್ನನ್ನಾ?"

ಹುಡುಗ ಹೌದೆಂದ. ಪ್ರತಿ ಗುರುವಾರ ಕೂಡಿಹಾಕುತ್ತಿದ್ದರು. ಸಂಘದ ಅರವತ್ತೆರಡು ವರ್ಷದ ಚರಿತ್ರೆಯನ್ನು ಒಳಗಿನಿಂದ ಗಟ್ಟಿಯಾಗಿ ಒಪ್ಪಿಸಬೇಕು. ಒಂದು ಇಸವಿ ತಪ್ಪಿದರೆ ಹೊರಗಿನವರು ಬಾಗಿಲು ಬಡಿದು ನಗುತ್ತಾರೆ, ಮತ್ತೆ ೧೯೨೭ರಿಂದ ಶುರು. ಹೋದ ವಾರ ಅವನು ಹೊರಗೆ ಬಂದಾಗ ಐದು ತಾಸು ಕಳೆದಿತ್ತು. ಆ ಸೆಕೆಗೆ ಎರಡು ಸಲ ವಾಂತಿಯಾಗಿತ್ತು.

ಕೇಶವಮೂರ್ತಿ ಎದ್ದು ನಿಂತರು. "ಬಿಟ್ಟು ಬರಬಹುದಿತ್ತಲ್ಲೋ. ಒಂದು ಮಾತು ನನಗೆ ಹೇಳಬಾರದಿತ್ತಾ?"

ಆಗ ಮಾತ್ರ ಹುಡುಗ ಕನ್ನಡದಲ್ಲಿ ಹೇಳಿದ. "ನೀವು ಎಲ್ಲರಿಗೂ ಹೇಳಿಬಿಟ್ಟಿದ್ರಲ್ಲ, ಅಪ್ಪ. ನಾನೇ ಬಿಟ್ರೆ ಯಾಕೆ ಅಂತ ಎಲ್ಲರೂ ಕೇಳ್ತಿದ್ರು. ಅದೇ ಮುಚ್ಚಿಹೋದ್ರೆ ಯಾರೂ ಕೇಳಲ್ಲ."

ಅಪ್ಪ ಮತ್ತೆ ಕೂತರು.

ಠಾಣೆಗೆ ಹೊರಡುವ ಮೊದಲು ಚೆಲುವರಾಜು ಪುಸ್ತಕದ ಕೊನೆಯ ಹಾಳೆಗಳನ್ನು ತಿರುವಿ ನೋಡಿದ. ಅನಾಥ ಮುದುಕಿಯರಿಗೆ ಊಟ ಒಯ್ದದ್ದು, ಹಿಮ ಗೋರಿದ್ದು, ಆಸ್ಪತ್ರೆಗೆ ಕರೆದೊಯ್ದದ್ದು. ಅತಿ ಹೆಚ್ಚು ಸಹಿಗಳಿದ್ದದ್ದು ರೇ ಮೂರ್ತಿಯ ಹೆಸರಿನ ಮುಂದೆ. ಒಬ್ಬ ಅಜ್ಜಿ ಸಹಿಯ ಪಕ್ಕದಲ್ಲಿ ನಡುಗುವ ಅಕ್ಷರದಲ್ಲಿ, ಈ ಹುಡುಗನನ್ನೇ ಮತ್ತೆ ಕಳಿಸಿ ಎಂದು ಬರೆದಿದ್ದಳು.

"ಡೊನ್ನಾ, ಲಾಟೀನು ಮನೆಗೂ ಒಂದು ವಾರಂಟ್ ಬೇಕು. ಆ ಚಿಲಕ ಬಿಚ್ಚಿಸಿ ತರಿಸು. ಬುಧವಾರ ಡೀನ್ ಮೇಜಿನ ಮೇಲೆ ಪುಸ್ತಕ ಇಡುವುದಾದರೆ, ಪಕ್ಕದಲ್ಲಿ ಅದೂ ಇರಲಿ."

೧೧-೫೫ಕ್ಕೆ ಕಳವಿನ ಆರೋಪದ ಮೇಲೆ ರಾಘವೇಂದ್ರನನ್ನು ಬಂಧಿಸಿ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದರು. ಕೈಕೋಳ ಹಾಕಲಿಲ್ಲ. ಪೊಲೀಸ್ ಕಾರಿನ ಹಿಂದಿನ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಬಾಗಿಲು ಮುಚ್ಚಿದ ಕೂಡಲೇ ಹುಡುಗನ ಕೈ ಬಾಗಿಲಿನ ಹಿಡಿಗಾಗಿ ತಡಕಿತು, ಹಿಡಿ ಸಿಗಲಿಲ್ಲ. ಅವನು ಕಣ್ಣು ಮುಚ್ಚಿ ಸಣ್ಣ ದನಿಯಲ್ಲಿ ಶುರುಮಾಡಿದ.

"೧೯೨೭, ಪ್ರವಾಹ. ೧೯೨೮, ಮೊದಲ ಗ್ರಂಥಾಲಯ. ೧೯೩೦, ಕೆಲಸವಿಲ್ಲದವರಿಗೆ ಸೂಪು..."

ಚೆಲುವರಾಜು ಎಂಜಿನ್ ಆಫ್ ಮಾಡಿದ. ಇಳಿದು ಹಿಂದೆ ಬಂದು ಬಾಗಿಲು ಪೂರ್ತಿ ತೆರೆದ.

"ಸಾಕು ಕಣಪ್ಪ. ಇನ್ನು ಒಪ್ಪಿಸಬೇಕಾಗಿಲ್ಲ. ಬಾ, ಮುಂದೆ ಕೂತ್ಕೊ."

"ರೂಲ್ಸ್ ಇಲ್ವಾ ಅಂಕಲ್?"

"ಇದೆ," ಎಂದ ಚೆಲುವರಾಜು. ಡೊನ್ನಾ ಮುಂದಿನ ಸೀಟಿನಿಂದ ಇಳಿದು ಹಿಂದೆ ಹೋಗಿ ಕೂತಳು.