ಬರ್ತೀನಿ ಅಂದವಳು

"ಸಿಸ್ಟ್ರೇ, ಕೆರೆಯಂಗಳದಾಗೆ ಒಂದು ಹೊಸ್ತಿಲು ಐತೆ. ಅಲ್ಲಿ ನಿಂತು ಬರ್ತೀನಿ ಅಂತ ಮಾತ್ರ ಅನಬ್ಯಾಡ್ರಿ," ಅಂದಳು ಹುಲಿಗೆಮ್ಮ.

ಕರುಣಾ ನಕ್ಕಳು. ಭದ್ರಾವತಿಯಿಂದ ಅಂಜನಾಪುರದ ಪಕ್ಕದ ಈ ಊರಿಗೆ ನರ್ಸಾಗಿ ಬಂದು ಎರಡು ತಿಂಗಳಾಗಿತ್ತು. ಊರಿಗೆಲ್ಲ ಕ್ರೈಸ್ತಳು ಅವಳೊಬ್ಬಳೇ. ಭಾನುವಾರದ ಪ್ರಾರ್ಥನೆಗೆ ಬಸ್ಸು ಹಿಡಿದು ಶಿಕಾರಿಪುರಕ್ಕೆ ಹೋಗಬೇಕು. ಪಕ್ಕದ ಮನೆಯ ಹುಲಿಗೆಮ್ಮನನ್ನು ಬಿಟ್ಟರೆ ಮಾತಿಗೂ ಜನವಿಲ್ಲ.

"ಮತ್ತೇನನ್ಬೇಕು? ಹೋಗ್ತೀನಿ ಅಂತಾನಾ?"

"ನಗಬ್ಯಾಡ್ರಿ. ನೀರು ಏರೋಕೆ ಮುಂಚೆ ಅಲ್ಲೊಂದು ಮನೆ ಇತ್ತಂತೆ. ಬರ್ತೀನವ್ವ ಅಂತ ಹೊಂಟ ಮಗ ಬರ್ಲೇ ಇಲ್ಲ. ಅವ್ವ ಮಾಟಗಾರನ್ನ ಕರೆಸಿ ಆ ಮಾತನ್ನೇ ಹೊಸ್ತಿಲ ಕೆಳಗೆ ಕಟ್ಟಿಸಿದ್ಳು. ಅಲ್ಲಿ ಹಂಗಂದೋರು ಬರ್ಲೇಬೇಕು. ಮಗ ಬರ್ಲಿಲ್ಲ. ಬ್ಯಾರೆಯೋರು ಬಂದ್ರು. ಒಬ್ರೂ ತಿರುಗಿ ಹೋಗ್ಲಿಲ್ಲ."

"ನಾನು ಏಸುವಿನ ಮಗಳು. ನಿಮ್ಮ ಮಾಟ ನನ್ನ ಚಪ್ಪಲಿಗೂ ತಾಗಲ್ಲ."

"ನಿಮ್ಮ ದೇವರು ದೊಡ್ಡೋನೇ ಇರ್ಲಿ ರೀ. ನಿಮ್ಮ ಬಾಯಿ ಹೆಂಗೈತೆ ನೋಡ್ಕಳ್ರಿ."

ಮರುದಿನ ಆಚೆ ದಡದ ಹಟ್ಟಿಯ ಕೂಸುಗಳಿಗೆ ಪೋಲಿಯೋ ಹನಿ ಹಾಕಿ, ಬತ್ತಿದ ಕೆರೆಯಂಗಳದಲ್ಲೇ ಕರುಣಾ ವಾಪಸು ನಡೆದಳು. ಮಟಮಟ ಮಧ್ಯಾಹ್ನ. ಬಿರಿದ ಕೆಸರು, ಸತ್ತ ಮೀನಿನ ನಾತ. ನಡುವೆ ಗೋಡೆಯಿಲ್ಲದ, ಬಾಗಿಲಿಲ್ಲದ ಒಂದು ಕರಿಯ ಹೊಸ್ತಿಲು. ಅದರಾಚೆ ಉಳಿದಷ್ಟು ನೀರು. ಹೊಸ್ತಿಲ ಮೇಲೆ ಕೂತು ನೀರಿನ ಬಾಟಲಿ ಖಾಲಿ ಮಾಡಿದಳು. ಬಿಸಿಲಿಗೆ ಕಾದಿರಬೇಕಾದ ಕಲ್ಲು ತಣ್ಣಗಿತ್ತು. ಹಕ್ಕಿಯೂ ಕೂಗುತ್ತಿರಲಿಲ್ಲ.

ಆಮೇಲೆ ಹೇಳಿ ಹುಲಿಗೆಮ್ಮನನ್ನು ನಗಿಸಲೆಂದು, ಎದ್ದು ಆ ಮನೆಯ ಮುದುಕಿಗೆ ಕೈ ಮುಗಿದು, "ಅಜ್ಜೀ, ಹೋಗ್ತೀನಿ" ಅನ್ನಲು ಹೊರಟಳು. ಆದರೆ ನಮ್ಮ ಮಕ್ಕಳ ನಾಲಿಗೆಗೆ ಆ ಮಾತು ಎಲ್ಲಿ ಬರಬೇಕು? ಹೋಗ್ತೀನಿ ಅಂದಾಗಲೆಲ್ಲ ಅವ್ವನ ಕೈಯ ಪೆಟ್ಟು ತಿಂದು ಬೆಳೆದ ಬಾಯಿ ಅದು.

"ಅಜ್ಜೀ, ಬರ್ತೀನಿ."

ಕಲ್ಲಿನ ಕೆಳಗಿಂದ ಯಾರೋ "ಹೂಂ" ಅಂದರು.

ಆ ಸಂಜೆಯಿಂದ ಅವಳ ಕ್ವಾರ್ಟರ್ಸಿನಲ್ಲಿ ಕೆಸರಿನ ವಾಸನೆ. ಎಷ್ಟು ಒರೆಸಿದರೂ ಬಾಗಿಲ ಬಳಿ ಪಸೆ. ಎರಡನೆಯ ದಿನ ಒಂದು ದನಿ. ಅವಳ ಅವ್ವನದೇ ದನಿ.

"ಬರ್ತೀನಿ ಅಂದ್ಯಲ್ಲ ಮಗಾ."

ಅವ್ವ ತೀರಿಕೊಂಡು ವರ್ಷವಾಗಿತ್ತು. ಹಾಸಿಗೆ ಹಿಡಿದವಳಿಗೆ ಕರುಣಾ ಪ್ರತಿ ವಾರವೂ ಫೋನಿನಲ್ಲಿ "ಈ ಭಾನುವಾರ ಬರ್ತೀನಮ್ಮ" ಅನ್ನುತ್ತಿದ್ದಳು. ಹೋಗಿರಲಿಲ್ಲ. ಅವ್ವನ ಕೊನೆಯ ಮಾತು, ಒಂಬತ್ತು ಸೆಕೆಂಡಿನದು, ಅವಳ ಮೊಬೈಲಿನಲ್ಲಿತ್ತು: "ಬರ್ತೀನಿ ಅಂದ್ಯಲ್ಲ ಮಗಾ, ಸಾರು ಮಾಡ್ಸಿಟ್ಟೀನಿ." ದಿನವೂ ಒಬ್ಬಳೇ ಕೂತು ಅದನ್ನು ಕೇಳುತ್ತಿದ್ದಳು. ಈ ಊರಿನಲ್ಲಿ ಅವಳಿಗಿದ್ದ ನೆಂಟಸ್ತಿಕೆ ಅಷ್ಟೇ.

ಮೂರನೆಯ ಸಂಜೆ ಮೋಡ ಕವಿದು ಹೊತ್ತಿಗೆ ಮುಂಚೆಯೇ ಕತ್ತಲಾಯಿತು. ಕರುಣಾ ಎದ್ದಳು. ತಾನು ಎದ್ದದ್ದು ಅವಳಿಗೇ ತಿಳಿಯಲಿಲ್ಲ. ಬರಿಗಾಲು. ಕೆರೆಯ ಏರಿ ಇಳಿದಳು. ಮೊನ್ನೆ ಬಿರಿದು ಒಣಗಿದ್ದ ಕೆಸರು ಇಂದು ಮೊಣಕಾಲಿಗೆ ಬಂತು. ಎದುರಿಗೆ ಅದೇ ಹೊಸ್ತಿಲು, ಅದರಾಚೆ ಕಪ್ಪು ನೀರು.

ಗಾಬರಿಯಲ್ಲಿ ಬಾಯಿಪಾಠದ ಪ್ರಾರ್ಥನೆ ಶುರುಮಾಡಿದಳು. ನೀರಿನ ದನಿಯೂ ಜೊತೆಗೂಡಿತು. ಒಂದಕ್ಷರ ತಪ್ಪದೆ. ಅವಳಿಗಿಂತ ಒಂದು ಮಾತು ಮುಂದೆ. ಕರುಣಾ ಪ್ರಾರ್ಥನೆ ನಿಲ್ಲಿಸಿದಳು.

"ಬಾ ಮಗಾ. ಒಂದೇ ಹೆಜ್ಜೆ. ಬಂದ್ರೆ ಎಲ್ಲಾ ಕ್ಷಮಿಸ್ತೀನಿ."

ವರ್ಷದಿಂದ ಅವಳ ಜೀವ ಹಸಿದದ್ದು ಈ ಒಂದು ಮಾತಿಗೇ. ಕಾಲು ಮೇಲೆದ್ದಿತು. ಹೊಸ್ತಿಲ ಮೇಲೆ ಬಂತು. ನೀರು ಬೆರಳನ್ನು ನೆಕ್ಕಿತು.

ಆಗ ನಿಜವಾದ ಅವ್ವ ಅಡುಗೆಮನೆಯಲ್ಲಿ ಹೇಳುತ್ತಿದ್ದದ್ದು ನೆನಪಾಯಿತು. "ಹೌದಾದ್ರೆ ಹೌದನ್ನು, ಇಲ್ಲಾಂದ್ರೆ ಇಲ್ಲನ್ನು. ನಡುವಿನ ಮಾತಿನಾಗೆ ಸೈತಾನ ಮನೆ ಕಟ್ತಾನೆ." ಹಾಗಂದವಳು ಹೆತ್ತ ಮಗಳನ್ನು ನೀರಿಗೆ ಕರೆದಾಳೆ?

ಕರುಣಾ ಅಳುತ್ತಲೇ ಬಾಯಿ ತೆರೆದಳು.

"ಅಮ್ಮಂಗೆ ಸುಳ್ಳು ಹೇಳಿದ್ದೆ. ಬರ್ತೀನಿ ಅಂದಾಗ ನಂಗೆ ಬರೋ ಮನಸ್ಸಿರ್ಲಿಲ್ಲ. ದೇವ್ರೇ, ಇದು ನಿನ್ನ ಮುಂದೆ. ಕ್ಷಮಿಸೋನು ನೀನು. ಈ ನೀರಲ್ಲ."

ಈ ಪ್ರಾರ್ಥನೆ ಆ ದನಿಗೆ ಬರುತ್ತಿರಲಿಲ್ಲ. ನೀರು ಕುದಿಯಿತು. "ಮಗಾ! ಮಗಾ!" ಕಲ್ಲು ನಡುಗಿತು. ಹಿಮ್ಮಡಿಗೆ ತಣ್ಣನೆಯ ಬೆರಳು ಸುತ್ತಿತು. ಬಿಗಿಯಿತು. ಎಳೆಯಿತು.

"ನಾನು ಬರಲ್ಲ," ಅಂದಳು. ಅವ್ವನ ಪೆಟ್ಟು ತಿಂದು ಬಿಟ್ಟಿದ್ದ ಮಾತನ್ನೂ ಆಡಿದಳು. "ಹೋಗ್ತೀನಿ."

ಬೆರಳು ಸಡಿಲಿತು.

ಏರಿಯ ಮೇಲೆ, ಅವಳು ಬರಿಗಾಲಲ್ಲಿ ಹೊರಟದ್ದು ಕಂಡು ಬಂದಿದ್ದ ಹುಲಿಗೆಮ್ಮ ಕಂದೀಲು ಹಿಡಿದು ನಿಂತಿದ್ದಳು. ತನ್ನ ಸೆರಗಿನಿಂದಲೇ ಅವಳ ಕಾಲು ಒರೆಸಿದಳು.

ಮನೆಗೆ ಬಂದು ಕರುಣಾ ಮೊಬೈಲು ಕಿವಿಗಿಟ್ಟಳು. ಒಂಬತ್ತು ಸೆಕೆಂಡು ಹಾಗೇ ಇತ್ತು. ಒಳಗೆ ಬರೀ ನೀರಿನ ಸದ್ದು. ಮನಸ್ಸಿನಲ್ಲಾದರೂ ಅವ್ವನ ದನಿ ಹುಡುಕಿದಳು. ಅವ್ವನ ಮಾತೆಲ್ಲ ನೆನಪಿತ್ತು, ದನಿಯೊಂದು ಇರಲಿಲ್ಲ.

"ಸಿಸ್ಟ್ರೇ, ರೊಟ್ಟಿ ಬಡಿದೀನಿ. ಉಣ್ಣಾಕೆ ಬರ್ತೀರೇನ್ರಿ?" ಪಕ್ಕದ ಮನೆಯಿಂದ ಕೂಗು ಬಂತು.

ಬರ್ತೀನಿ ಅನ್ನಲಿಕ್ಕೆ ಕರುಣಾಳಿಗೆ ಬಾಯಿ ಬರಲಿಲ್ಲ. ಸುಮ್ಮನೆ ಎದ್ದು ಹೋದಳು.